ಒಂಬತ್ತರ ವ್ಯತ್ಯಾಸ

ಕಂಪ್ಯೂಟರ್ ತರಬೇತಿಯ ಮೂರನೆಯ ದಿನವೂ ಚೊಕ್ಕಣ್ಣನಿಗೆ ಅದೇ ಕುರ್ಚಿ ಸಿಕ್ಕಿತು, ಅಥವಾ ಆ ಕುರ್ಚಿಯನ್ನು ಬೇರೆ ಯಾರೂ ಮುಟ್ಟಲಿಲ್ಲ. ಒಂದು ಚಕ್ರ ಮುರಿದ ಕುರ್ಚಿ ಅದು. ಮೈಭಾರ ಸ್ವಲ್ಪ ಬಲಕ್ಕೆ ಬಿದ್ದರೆ ಸಾಕು, ವಾಲುತ್ತಿತ್ತು. ಮೊದಲ ದಿನ ವಾಲಿದಾಗ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದಿದ್ದರು. ನಿನ್ನೆ ಅದಕ್ಕಿಂತ ದೊಡ್ಡ ಅವಮಾನವಾಗಿತ್ತು. ಒಂದು ಸಾಲು ಅಳಿಸಿ ಎಂದು ಹೇಳಿಕೊಡುತ್ತಿದ್ದಾಗ, ಯಾವ ಸಾಲು ಎಂಬ ಷರತ್ತು ಬರೆಯುವುದನ್ನು ಮರೆತು ಅವನು ಎಂಟರ್ ಒತ್ತಿಬಿಟ್ಟಿದ್ದ. ಪಟ್ಟಿಯಲ್ಲಿದ್ದ ಆರುನೂರು ಸಾಲುಗಳೂ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿದ್ದವು. ಬರೀ ತಲೆಬರಹಗಳು ಉಳಿದಿದ್ದವು: ಕ್ರಮಸಂಖ್ಯೆ, ಹೆಸರು, ಹುಟ್ಟಿದ ವರ್ಷ. ಪಕ್ಕದಲ್ಲಿ ಕೂತ ಗೋದಾಮಿನ ಲೆಕ್ಕಿಗ ಬಗ್ಗಿ ನೋಡಿ, ಇಡೀ ಕೋಣೆಗೆ ಕೇಳಿಸುವ ಹಾಗೆ, "ನೋಡ್ರಪ್ಪ, ನಮ್ಮ ಚೊಕ್ಕಣ್ಣ ಎಲ್ಲಾ ಚೊಕ್ಕ ಮಾಡಿಬಿಟ್ಟ" ಅಂದಿದ್ದ. ಹದಿನಾರು ಜನ ನಕ್ಕರು. ಹೇಳಿಕೊಡುವ ಹುಡುಗಿ ಮಾತ್ರ ನಗಲಿಲ್ಲ. "ಪರವಾಗಿಲ್ಲ ಸರ್, ಇದು ಅಭ್ಯಾಸದ ಪಟ್ಟಿ. ಎಲ್ಲರಿಗೂ ಒಂದ್ಸಲ ಆಗುತ್ತೆ" ಅಂದಳು. ಅವಳು ನಗದೆ ಇದ್ದದ್ದೇ ಅವನಿಗೆ ಹೆಚ್ಚು ಚುಚ್ಚಿತು. ಮಗಳ ವಯಸ್ಸಿನವಳು ತನ್ನನ್ನು ಮಗುವಿನ ಹಾಗೆ ಸಮಾಧಾನ ಮಾಡುವ ಹಂತಕ್ಕೆ ಬಂದೆನಲ್ಲ ಎನಿಸಿ ಊಟದ ಹೊತ್ತಿನಲ್ಲಿ ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿದ್ದ.

ಚೊಕ್ಕಣ್ಣ ಎಂಬುದು ಅವನ ಹೆಸರಲ್ಲ. ಮೂವತ್ತನಾಲ್ಕು ವರ್ಷದ ಕೆಲಸದಲ್ಲಿ ಅವನ ಪುಸ್ತಕದಲ್ಲಿ ಒಂದು ಮಸಿಯ ಕಲೆ ಕಂಡವರಿಲ್ಲ, ಹಾಗಾಗಿ ಬಿದ್ದ ಅಡ್ಡಹೆಸರು. ಹೆಂಡತಿಯೂ ಒಮ್ಮೊಮ್ಮೆ, ಅವನು ಅಂಗಿಯ ತೋಳನ್ನು ಎರಡೆರಡು ಸಲ ಮಡಿಸುವಾಗ, ಹಾಗೇ ಕರೆದು ರೇಗಿಸುವುದುಂಟು. ಇವತ್ತು ಬೆಳಿಗ್ಗೆ ರೇಗಿಸಲಿಲ್ಲ. ಕನ್ನಡಕದ ಪೆಟ್ಟಿಗೆ ಕೈಗೆ ಕೊಟ್ಟು, "ಹೇಗೋ ಇವತ್ತೊಂದು ದಿನ ಕಳೀರಿ. ಟಪಾಲಿಗೆ ಹಾಕಿದ್ರೆ ಹಾಕ್ಲಿ, ಅಲ್ಲೂ ಮನುಷ್ಯರೇ ತಾನೇ ಇರೋದು" ಅಂದಳು. ಮೂರನೆಯ ದಿನದ ಕೊನೆಗೆ ಪರೀಕ್ಷೆ. ಪಾಸಾದವರು ಹೊಸ ಯಂತ್ರದ ಮುಂದೆ, ತಮ್ಮ ಹಳೆಯ ಜಾಗದಲ್ಲೇ. ಆಗದವರು ಕಾರ್ಖಾನೆಯ ಹಿಂಬಾಗಿಲಿನ ಟಪಾಲು ಕೋಣೆಯಲ್ಲಿ ಲಕೋಟೆಗಳಿಗೆ ಅಂಟು ಹಚ್ಚಬೇಕು. ನಿವೃತ್ತಿಗೆ ಎರಡೇ ವರ್ಷ ಉಳಿದಿದೆ. ಹೆಡ್ ಅಕೌಂಟೆಂಟಾಗಿ ಹೊರಗೆ ಹೋಗುವುದೋ, ಅಂಟಿನ ಬಟ್ಟಲು ಕೆಳಗಿಟ್ಟು ಹೋಗುವುದೋ. ಅವನು ಚಪ್ಪಲಿ ಮೆಟ್ಟಿಕೊಂಡ. ಬಸ್ಸಿನಲ್ಲಿ ಉದ್ದಕ್ಕೂ ಬಾಯಲ್ಲೇ ಆ ಮೂರು ಅಪ್ಪಣೆಗಳನ್ನು ಹೇಳಿಕೊಂಡ: ಹುಡುಕು, ತಿದ್ದು, ಅಳಿಸು. ಹುಡುಕು, ತಿದ್ದು, ಅಳಿಸು.

ಈ ಮೂರರಲ್ಲಿ ಅವನಿಗೆ ಒಗ್ಗದಿದ್ದುದು ತಿದ್ದುವುದು. ಮೊದಲ ದಿನ ಹುಡುಗಿ ಗೋಡೆಯ ದೊಡ್ಡ ತೆರೆಯ ಮೇಲೆ ಒಂದು ಅಂಕಿಯನ್ನು ಬದಲಿಸಿ ತೋರಿಸಿದಾಗ ಅವನು ಕೈ ಎತ್ತಿ ಕೇಳಿದ್ದ: "ಹಳೇದು ಎಲ್ಲಿ ಹೋಯ್ತು ಮೇಡಂ?" ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಹೋಯ್ತಲ್ಲ ಸರ್. ಹೊಸದು ಬಂತು." "ಮೊದಲು ಏನಿತ್ತು ಅಂತ ಯಾರಾದ್ರೂ ಕೇಳಿದ್ರೆ?" "ತಪ್ಪಿದ್ದದ್ದನ್ನ ಯಾರು ಕೇಳ್ತಾರೆ ಸರ್." ಅವನು ಕೆಲಸಕ್ಕೆ ಸೇರಿದಾಗ ಸೆಕ್ಷನ್ನಿನಲ್ಲಿದ್ದ ಹಿರಿಯ ಗುಮಾಸ್ತರು, ಈಗ ಇಲ್ಲ, ಬ್ಲೇಡಿನಿಂದ ಅಂಕಿ ಕೆರೆಯುವುದನ್ನು ಕಂಡರೆ ಮೈಮೇಲೆ ಬಂದವರ ಹಾಗೆ ಆಡುತ್ತಿದ್ದರು. ತಪ್ಪಾದರೆ ಕೆಂಪು ಮಸಿಯಲ್ಲಿ ಒಂದೇ ಗೆರೆ. ಕೆಳಗಿನ ಅಂಕಿ ಓದಲು ಬರಬೇಕು. ಮೇಲೆ ಸರಿಯಾದದ್ದು, ಪಕ್ಕದಲ್ಲಿ ಚಿಕ್ಕ ರುಜು. "ತಪ್ಪು ಮಾಡಿದೋನಿಗೆ ಮಾನ ಹೋಗಲ್ಲ ಕಣಯ್ಯ, ಮುಚ್ಚಿದೋನಿಗೆ ಹೋಗುತ್ತೆ" ಎನ್ನುತ್ತಿದ್ದರು. ಚೊಕ್ಕಣ್ಣ ಆ ಮಾತನ್ನು ತನ್ನ ಕೈಕೆಳಗಿನವರಿಗೆ ಎಷ್ಟೋ ಸಲ ಹೇಳಿದ್ದಾನೆ. ಹೇಳುವಾಗೆಲ್ಲ ಅವರ ಮುಖ ಬಿಟ್ಟು ಪುಸ್ತಕದ ಪುಟ ನೋಡುತ್ತಿದ್ದ.

"ಇವತ್ತು ಎರಡು ಪಟ್ಟಿಗಳನ್ನ ಜೋಡಿಸೋದು" ಎಂದು ಹುಡುಗಿ ಶುರುಮಾಡಿದಳು. ನೆಗಡಿಯಾಗಿ ಅವಳ ಗಂಟಲು ಕಟ್ಟಿತ್ತು, ಮಾತಿನ ನಡುವೆ ಬಿಸಿನೀರು ಗುಟುಕರಿಸುತ್ತಿದ್ದಳು. ಕಂಪನಿಯ ಎಲ್ಲ ಕಾರ್ಖಾನೆಗಳ ಹಳೆಯ ಸಿಬ್ಬಂದಿ ಪಟ್ಟಿಯನ್ನು ಸೇವಾ ಪುಸ್ತಕಗಳಿಂದ ಯಂತ್ರಕ್ಕೆ ಏರಿಸಿಯಾಗಿದೆಯಂತೆ, ಆ ಪುಸ್ತಕಗಳು ಇನ್ನು ರದ್ದಿಗೆ ಹೋಗುತ್ತವಂತೆ. ಆಯಾ ಕಾರ್ಖಾನೆಯ ದವಾಖಾನೆಯ ಪಟ್ಟಿಯನ್ನೂ ಏರಿಸಿದ್ದಾರಂತೆ. ಕೆಲಸಕ್ಕೆ ಸೇರಿದ ದಿನ ಡಾಕ್ಟರು ತುಂಬಿದ ಚೀಟಿಗಳಿಂದ ತೆಗೆದದ್ದು. ಎರಡರಲ್ಲೂ ಒಬ್ಬನೇ ಮನುಷ್ಯ, ಒಂದೇ ಕ್ರಮಸಂಖ್ಯೆ. ಎರಡನ್ನೂ ಎದುರುಬದುರು ನಿಲ್ಲಿಸಿ, ಎಲ್ಲಿ ತಾಳೆಯಾಗುವುದಿಲ್ಲವೋ ಅದನ್ನಷ್ಟೇ ತೋರಿಸು ಎಂದು ಯಂತ್ರಕ್ಕೆ ಹೇಳಬೇಕು. "ಇದು ಅಭ್ಯಾಸದ ಪಟ್ಟಿ ಅಲ್ಲ, ನಿಜವಾದದ್ದೇ. ನೀವು ನಿಮ್ಮ ನಿಮ್ಮ ಕಾರ್ಖಾನೆದ್ದು ಇವತ್ತು ಸರಿ ಮಾಡ್ತೀರಿ, ಸಂಜೆ ಅದು ಮೇಲಿನ ಕಚೇರಿಗೆ ಹೋಗುತ್ತೆ. ಅದೇ ನಿಮ್ಮ ಪರೀಕ್ಷೆ. ಒಂದೊಂದು ಸಾಲಿಗೂ ನೀವು ಯಾವುದು ಸರಿ, ಹೇಗೆ ಗೊತ್ತಾಯ್ತು ಅಂತ ನನಗೆ ಹೇಳಬೇಕು." ಗೋದಾಮಿನವನು ಕುರ್ಚಿಯಲ್ಲಿ ಹಿಂದಕ್ಕೊರಗಿ, "ಲೆಕ್ಕದೋರಿಗೆ ಇದೇನು ಮಹಾ. ತಾಳೆ ನೋಡೋದೇ ನಮ್ಮ ಜನ್ಮ" ಅಂದ. ತಪ್ಪುಗಳನ್ನು ಹೇಗೆ ಗುರುತಿಸುತ್ತೀರಿ ಎಂದು ಅವಳು ಕೇಳಿದಾಗ ಅವನೇ ಎದ್ದು ನಿಂತು ಆ ಹಳೆಯ ಉಪಾಯ ಹೇಳಿದ: ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ, ಹತ್ತಕ್ಕೆ ಒಂಬತ್ತು ಸಲ, ಬರೆಯುವವನು ಎರಡು ಅಂಕಿ ಅದಲುಬದಲು ಮಾಡಿದ್ದಾನೆ ಅಂತಲೇ ಲೆಕ್ಕ. ಎಪ್ಪತ್ತೆರಡು ಇಪ್ಪತ್ತೇಳಾಗಿರುತ್ತೆ, ಕಳೆದರೆ ನಲವತ್ತೈದು, ಒಂಬತ್ತರಿಂದ ಭಾಗವಾಗುತ್ತೆ. ಹುಡುಗಿಗೆ ಈ ಸಂಗತಿ ಹೊಸದು. ಅವಳು ಕಾಗದದ ಮೇಲೆ ಎರಡು ಮೂರು ಸಲ ಕಳೆದು ನೋಡಿ ಸಂತೋಷಪಟ್ಟಳು. ದವಾಖಾನೆಯ ಚೀಟಿ ಎಂಬ ಮಾತು ಕಿವಿಗೆ ಬಿದ್ದಾಗಿನಿಂದ ಚೊಕ್ಕಣ್ಣನಿಗೆ ಬೇರೆ ಏನೂ ಕೇಳಿಸುತ್ತಿರಲಿಲ್ಲ.

ಅವನು ಅಪ್ಪಣೆಯನ್ನು ಸರಿಯಾಗಿಯೇ ಬರೆದ, ಷರತ್ತು ಸಮೇತ. ಎಂಟರ್ ಒತ್ತಿದ. ಹನ್ನೊಂದು ಸಾಲು ಬಂದವು. ಹತ್ತು ಸಾಲುಗಳು ಇನಿಶಿಯಲ್ಲಿನ ಗೊಂದಲ, ಅಂಕಿ ಬಿಟ್ಟುಹೋದದ್ದು, ಇಂಥವೇ. ಏಳನೆಯ ಸಾಲಿನಲ್ಲಿ, ಹಿಂದೆ ಅವರ ಕಾರ್ಖಾನೆಯ ಬಾಯ್ಲರ್ ನೋಡಿಕೊಳ್ಳುತ್ತಿದ್ದ ಬಾಯ್ಲರಿನವನಿದ್ದ. ಸಿಬ್ಬಂದಿ ಪಟ್ಟಿಯಲ್ಲಿ ಹುಟ್ಟಿದ ವರ್ಷ ನಲವತ್ತೈದು. ದವಾಖಾನೆಯ ಪಟ್ಟಿಯಲ್ಲಿ ಐವತ್ತನಾಲ್ಕು. ಎರಡೂ ಒಂದರ ಪಕ್ಕ ಒಂದು, ಅಷ್ಟೇ ದಪ್ಪ, ಅಷ್ಟೇ ಕಪ್ಪು. ಕೈಬರಹವಾಗಿದ್ದರೆ ಯಾರದ್ದೆಂದು ಗೊತ್ತಾಗುತ್ತಿತ್ತು. ಇಲ್ಲಿ ಎಲ್ಲ ಅಂಕಿಗಳೂ ಒಂದೇ ಕೈಯಲ್ಲಿ ಬರೆದಂತಿದ್ದವು, ಯಾರೂ ಬರೆದೇ ಇಲ್ಲವೇನೋ ಎಂಬಂತಿದ್ದವು. ಇಷ್ಟು ವರ್ಷ ಆ ಚೀಟಿ ದವಾಖಾನೆಯ ಕಬ್ಬಿಣದ ಬೀರುವಿನಲ್ಲಿ ಇತ್ತೆಂದಾಯಿತು. ಲೆಕ್ಕದ ಸೆಕ್ಷನ್ನಿನಿಂದ ಅಂಗಳ ದಾಟಿದರೆ ದವಾಖಾನೆ. ಅವನೇ ತಲೆನೋವಿನ ಮಾತ್ರೆಗೆಂದು ಎಷ್ಟು ಸಲ ಆ ಬೀರುವಿನ ಪಕ್ಕದ ಬೆಂಚಿನಲ್ಲಿ ಕೂತಿಲ್ಲ. "ಏನಾದ್ರೂ ಕಾಗದ ಇದ್ರೆ ತಗೊಂಡು ಬಾಪ್ಪ, ನೋಡೋಣ" ಎಂದು ಅವನು ಹನ್ನೊಂದು ವರ್ಷದ ಹಿಂದೆ, ವಯಸ್ಸಿನ ತಕರಾರು ತಂದ ಬಾಯ್ಲರಿನವನಿಗೆ ಹೇಳಿದ್ದ. ಕಾಗದ ಅವನ ಹತ್ತಿರ ಇಲ್ಲವೆಂದು ತಿಳಿದೇ ಹೇಳಿದ್ದ. ಶಾಲೆಗೆ ಹೋದವನಲ್ಲ ಅವನು.

ಇಪ್ಪತ್ತನಾಲ್ಕು ವರ್ಷದ ಹಿಂದೆ ಹಳೆಯ ಸೇವಾ ಪುಸ್ತಕಗಳಿಗೆ ತೇವ ಹಿಡಿದು ಹಾಳೆಗಳು ಅಂಟಿಕೊಳ್ಳತೊಡಗಿದಾಗ, ಎಲ್ಲವನ್ನೂ ಹೊಸ ಪುಸ್ತಕಕ್ಕೆ ನಕಲು ಮಾಡುವ ಕೆಲಸ ಅವನಿಗೂ ಇನ್ನೊಬ್ಬ ಗುಮಾಸ್ತನಿಗೂ ಬಂದಿತ್ತು. ಪದ್ಧತಿ ಹೀಗೆ: ಒಬ್ಬ ಗಟ್ಟಿಯಾಗಿ ಓದಬೇಕು, ಇನ್ನೊಬ್ಬ ಬರೆಯಬೇಕು, ಆಮೇಲೆ ಬರೆದವನು ಹೊಸದರಿಂದ ಓದಬೇಕು, ಮೊದಲಿನವನು ಹಳೆಯದನ್ನು ನೋಡಿಕೊಳ್ಳಬೇಕು. ಬರೆದವನದು ಕಪ್ಪು ಟಿಕ್ಕು, ತಾಳೆ ನೋಡಿದವನದು ಹಸಿರು ಟಿಕ್ಕು. ಎರಡೂ ಬಿದ್ದರೇ ಸಾಲು ಪಕ್ಕಾ. ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಜೊತೆಗಾರನಿಗೆ ಜ್ವರ ಬಂದು ಮನೆಗೆ ಹೋದ. ಮರುದಿನ ದೊಡ್ಡ ಸಾಹೇಬರು ನೋಡಲು ಬರುವವರಿದ್ದರು, ಇನ್ನೂ ಮೂವತ್ತು ಹೆಸರು ಬಾಕಿ. ಚೊಕ್ಕಣ್ಣ ತಾನೇ ಮನಸ್ಸಿನಲ್ಲಿ ಓದಿಕೊಂಡು ತಾನೇ ಬರೆದ. ಬರೆದು ಕಪ್ಪು ಟಿಕ್ಕು ಹಾಕಿದ. ಆಮೇಲೆ ಜೊತೆಗಾರನ ಮೇಜಿನಿಂದ ಹಸಿರು ಪೆನ್ನು ತಂದು, ಸಾಲಾಗಿ ಮೂವತ್ತು ಹಸಿರು ಟಿಕ್ಕನ್ನೂ ತಾನೇ ಹಾಕಿದ. ಕೈ ಓಡುತ್ತಿತ್ತು, ಟಿಕ್ಕುಗಳು ಒಂದೇ ಅಳತೆಯಲ್ಲಿ ಚಂದವಾಗಿ ಬಿದ್ದವು. ದೊಡ್ಡ ಸಾಹೇಬರು ಪುಟ ತಿರುವಿ, "ಒಂದು ಚಿತ್ತು ಇಲ್ಲವಲ್ಲಯ್ಯ, ಎಷ್ಟು ಚೊಕ್ಕ" ಅಂದರು. ಅಡ್ಡಹೆಸರು ಹುಟ್ಟಿದ್ದು ಅವತ್ತು. ಇದನ್ನು ಅವನು ಹೆಂಡತಿಗೂ ಹೇಳಿಲ್ಲ.

ಬಾಯ್ಲರಿನವನು ಕೌಂಟರಿಗೆ ಬಂದದ್ದು ಅದಾಗಿ ಹದಿಮೂರು ವರ್ಷಕ್ಕೆ, ಕೈಯಲ್ಲಿ ನಿವೃತ್ತಿಯ ನೋಟೀಸು. ಕೆಲಸದ ನಡುವೆ ಎದ್ದು ಬಂದಿದ್ದ. ತೋಳಿನ ಮೇಲೆ ಹಬೆ ಸುಟ್ಟ ಹಳೆಯ ಗುರುತುಗಳು, ಅಂಗಿಗೆ ಎಣ್ಣೆಯ ವಾಸನೆ. ನೋಟೀಸನ್ನು ಮಡಿಕೆ ಮುರಿಯದ ಹಾಗೆ ಎರಡು ಬೆರಳಲ್ಲಿ ಹಿಡಿದಿದ್ದ. "ಸಾರ್, ಇದು ನನಗೆ ಬರೋದಲ್ಲ ಅನ್ಸುತ್ತೆ. ನಂಗಿನ್ನೂ ಐವತ್ತು ತುಂಬಿಲ್ಲ." ಚೊಕ್ಕಣ್ಣ ಪುಸ್ತಕ ತೆಗೆದು ನೋಡಿ, "ಐವತ್ತೆಂಟು ಅಂತಿದೆಯಲ್ಲಪ್ಪ" ಅಂದ. ಬಾಯ್ಲರಿನವನು ನಕ್ಕ. ಜಗಳ ಮಾಡಲಿಲ್ಲ, ನಿಜಕ್ಕೂ ತಮಾಷೆ ಎನಿಸಿದ ಹಾಗೆ ನಕ್ಕು, "ಐವತ್ತೆಂಟಾದ್ರೆ ನಮ್ಮಣ್ಣನಿಗಿಂತ ನಾನೇ ದೊಡ್ಡೋನಾಗ್ತೀನಿ ಸಾರ್" ಅಂದ. ನೋಡ್ತೀನಿ, ನಾಳೆ ಬಾ ಎಂದು ಕಳಿಸಿ, ಚೊಕ್ಕಣ್ಣ ಸಂಜೆ ಒಬ್ಬನೇ ದಾಖಲೆ ಕೋಣೆಗೆ ಇಳಿದ. ತೇವ ಹಿಡಿದ ಹಳೆಯ ಪುಸ್ತಕಗಳು ಇನ್ನೂ ಮೂಲೆಯಲ್ಲಿದ್ದವು. ಅಂಟಿಕೊಂಡ ಹಾಳೆಗಳನ್ನು ಉಗುರಿನಿಂದ ಬಿಡಿಸಿದ. ಹಿರಿಯ ಗುಮಾಸ್ತರ ಕೈಬರಹದಲ್ಲಿ, ಅವರ ಐದಕ್ಕೆ ಒಂದು ಟೋಪಿ ಇರುತ್ತಿತ್ತು, ಐವತ್ತನಾಲ್ಕು ಎಂದಿತ್ತು. ಗುಲಗಂಜಿಯಷ್ಟೂ ಸಂಶಯಕ್ಕೆ ಎಡೆಯಿರಲಿಲ್ಲ.

ಒಂದು ಕೆಂಪು ಗೆರೆ, ಒಂದು ರುಜು, ಮೇಲಿನವರಿಗೆ ನಾಲ್ಕು ಸಾಲಿನ ಟಿಪ್ಪಣಿ. ಅಷ್ಟೇ ಆಗಬೇಕಿದ್ದ ಕೆಲಸ. ಆದರೆ ಗೆರೆ ಎಳೆದರೆ ಹಸಿರು ಟಿಕ್ಕು ಯಾರದ್ದೆಂದು ಕೇಳುತ್ತಾರೆ. ಜೊತೆಗಾರ ಆ ಮಧ್ಯಾಹ್ನ ರಜೆಯಲ್ಲಿದ್ದನೆಂದು ಹಾಜರಿ ಪುಸ್ತಕ ಹೇಳುತ್ತದೆ. ಮಿಕ್ಕ ಇಪ್ಪತ್ತೊಂಬತ್ತನ್ನೂ ತೆಗೆದು ನೋಡುತ್ತಾರೆ. ಹೆಡ್ ಅಕೌಂಟೆಂಟ್ ಆಗುವ ಆದೇಶ ಸಾಹೇಬರ ಮೇಜಿನ ಮೇಲೆ ಸಹಿಗೆ ಕಾದಿತ್ತು, ಆ ವಾರವೇ. ಅವನು ಪುಸ್ತಕವನ್ನು ಇದ್ದ ಜಾಗದಲ್ಲೇ ಇಟ್ಟ. ಮರುದಿನ ಬಾಯ್ಲರಿನವನು ಬಂದಾಗ, "ಪುಸ್ತಕದಲ್ಲಿ ಹಾಗೇ ಇದೆಯಪ್ಪ, ನನ್ನ ಕೈಲೇನಿದೆ" ಅಂದ. ಹೇಳುವಾಗ ಅವನ ಮುಖ ನೋಡಲಿಲ್ಲ. ನೋಟೀಸಿನ ಮಡಿಕೆಯನ್ನೇ ನೋಡಿದ. ಬಾಯ್ಲರಿನವನು ಐದಾರು ಸಲ ಬಂದ. ಕೊನೆಯ ಸಲ ಏನೂ ಕೇಳಲಿಲ್ಲ, ಕೌಂಟರಿನ ಮರದ ಮೇಲೆ ಬೆರಳಿನಿಂದ ಗೀರುತ್ತಾ ಸುಮ್ಮನೆ ನಿಂತಿದ್ದು, "ನೀವು ಓದಿದೋರು ಸಾರ್. ಪುಸ್ತಕ ಸುಳ್ಳು ಹೇಳಲ್ಲ. ನಮ್ಮವ್ವನೇ ತಪ್ಪು ಎಣಿಸಿದ್ಲೋ ಏನೋ" ಎಂದು ಹೋದ. ಮುಂದಿನ ವರ್ಷ ಹಳೆಯ ಪುಸ್ತಕಗಳನ್ನು ರದ್ದಿಗೆ ಹಾಕುವ ಪಟ್ಟಿಗೆ ಹೆಡ್ ಅಕೌಂಟೆಂಟಾಗಿ ಸಹಿ ಮಾಡಿದವನು ಚೊಕ್ಕಣ್ಣನೇ.

ಚಹಾದ ಹೊತ್ತಾಯಿತು. ಎಲ್ಲರೂ ಎದ್ದು ಹೊರಗಿನ ಪಡಸಾಲೆಗೆ ಹೋದರು, ಬಿಸ್ಕತ್ತಿನ ಪೊಟ್ಟಣ ಒಡೆಯುವ ಸದ್ದು, ಗೋದಾಮಿನವನ ನಗು. ಚೊಕ್ಕಣ್ಣ ಕೂತೇ ಇದ್ದ. ಕೋಣೆಯಲ್ಲಿ ಹದಿನೇಳು ಯಂತ್ರಗಳ ಸಣ್ಣ ಗುಂಯ್‌ಗುಡುವಿಕೆ ಬಿಟ್ಟರೆ ಏನೂ ಇಲ್ಲ. ಅವನು ಏಳನೆಯ ಸಾಲಿಗೆ ಹೋಗಿ ತಿದ್ದುವ ಅಪ್ಪಣೆ ಬರೆದ. ಒಂದೇ ಬೆರಳಲ್ಲಿ, ಅಕ್ಷರ ಅಕ್ಷರ ಹುಡುಕಿ. ಹುಟ್ಟಿದ ವರ್ಷ ಐವತ್ತನಾಲ್ಕು. ಷರತ್ತು: ಈ ಕ್ರಮಸಂಖ್ಯೆ ಇದ್ದವನಿಗೆ ಮಾತ್ರ. ಎರಡು ಸಲ ಓದಿದ. ಒತ್ತಿದ. ಒಂದು ಸಾಲು ಬದಲಾಗಿದೆ ಎಂದಿತು ಯಂತ್ರ. ಮತ್ತೆ ಎರಡೂ ಪಟ್ಟಿ ಜೋಡಿಸಿ ನೋಡಿದ, ಹತ್ತೇ ಸಾಲು. ಬಾಯ್ಲರಿನವನು ಹೋಗಿದ್ದ. ಇಷ್ಟೇನಾ ಎನಿಸಿತು. ಹನ್ನೊಂದು ವರ್ಷ ಎದೆಯ ಮೇಲೆ ಕೂತಿದ್ದದ್ದು ಇಷ್ಟಕ್ಕೇನಾ. ಮೈ ಹಗುರಾಗಿ ಅವನಿಗೆ ಚಹಾ ಕುಡಿಯಬೇಕೆನಿಸಿತು. ಈಗ ಎಲ್ಲ ಸರಿಯಿದೆ. ಯಾರು ಯಾವಾಗ ತೆಗೆದು ನೋಡಿದರೂ ಐವತ್ತನಾಲ್ಕೇ. ಸುಳ್ಳು ಬರೆದಿಲ್ಲ, ನಿಜವನ್ನೇ ಬರೆದಿದ್ದೇನೆ. ಬಾಗಿಲ ತನಕ ಹೋದವನು ಮತ್ತೆ ತಿರುಗಿ ಬಂದು ಆ ಸಾಲನ್ನು ಪೂರ್ತಿ ಓದಿದ. ಹುಟ್ಟಿದ ವರ್ಷದ ಪಕ್ಕದ ಕಾಲಮ್ಮಿನಲ್ಲಿ ನಿವೃತ್ತಿಯ ವರ್ಷ ಇದ್ದದ್ದು ಇದ್ದ ಹಾಗೇ ಇತ್ತು. ಅದನ್ನು ಯಂತ್ರ ಪ್ರಶ್ನಿಸಲಿಲ್ಲ. ಈಗ ನೋಡಿದವರಿಗೆ ಇವನು ನಲವತ್ತೊಂಬತ್ತಕ್ಕೇ, ಬಹುಶಃ ತಾನಾಗಿಯೇ, ಕೆಲಸ ಬಿಟ್ಟು ಹೋದವನು. ಅದರ ಪಕ್ಕದ ಕಾಲಮ್ಮು ಸತ್ತ ದಿನಾಂಕ.

ಆ ದಿನಾಂಕವನ್ನೂ ಪುಸ್ತಕದಲ್ಲಿ ಬರೆದವನು ಅವನೇ, ಮೂರು ವರ್ಷದ ಹಿಂದೆ. ಬಾಯ್ಲರಿನವನ ಹೆಂಡತಿ ಮರಣದ ಚೀಟಿ ತಂದಿದ್ದಳು. ಅದೇ ಕೌಂಟರು. ಬಿಸಿಲಿನಲ್ಲಿ ನಡೆದು ಬಂದಿದ್ದಳೆಂದು ಕಾಣುತ್ತದೆ, ಸೆರಗಿನಿಂದ ಕೊರಳು ಒರೆಸಿಕೊಳ್ಳುತ್ತಿದ್ದಳು. ಮನೆಯವರು ತುಂಬಬೇಕಾದ ಅರ್ಜಿಯಲ್ಲಿ ವಯಸ್ಸಿನ ಜಾಗಕ್ಕೆ ಬಂದಾಗ, "ಐವತ್ತೇಳು" ಅಂದಳು. ಚೊಕ್ಕಣ್ಣನ ಪೆನ್ನು ನಿಂತಿತು. ಅವನಿಗೆ ಅವತ್ತು ಹೇಳಬಹುದಿತ್ತು. ಹೇಳದಿದ್ದರೂ ಸುಮ್ಮನೆ ಅವಳು ಹೇಳಿದ್ದನ್ನು ಬರೆಯಬಹುದಿತ್ತು. ಅವನು ಬಾಯಿಬಿಟ್ಟು, ಮೆತ್ತಗೆ, "ಅರವತ್ತಾರಮ್ಮ" ಎಂದು ಅವಳನ್ನು ತಿದ್ದಿದ. ಅವಳು ಅವನನ್ನು ನೋಡಿದಳು. "ನಿಮ್ಮ ಪುಸ್ತಕದ್ದಾ" ಅಂದಳು. ಕೋಪವಿರಲಿಲ್ಲ, ತುಂಬ ದಿನದಿಂದ ಬಲ್ಲ ಒಬ್ಬ ನೆಂಟನ ಬಗ್ಗೆ ಕೇಳಿದ ಹಾಗಿತ್ತು. "ಇಲ್ಲಿಂದ ಹೋದ್ಮೇಲೆ ಎಲ್ಲೂ ಕೆಲಸ ಕೊಡ್ಲಿಲ್ಲ ಇವ್ರಿಗೆ. ಚೀಟೀಲಿ ಆ ವಯಸ್ಸು ನೋಡಿ ಮುದುಕ ಬೇಡ ಅನ್ನೋರು. ಗಟ್ಟಿಮುಟ್ಟಾಗಿದ್ರು. ಆಮೇಲಾಮೇಲೆ ತಾವೇ ಮೆಟ್ಟಿಲು ಹತ್ತೋವಾಗ ಮೊಣಕಾಲು ಹಿಡ್ಕೊಳ್ಳೋಕೆ ಶುರು ಮಾಡಿದ್ರು. ಕಾಗದದಲ್ಲಿದ್ದ ವಯಸ್ಸೇ ಮೈಗೂ ಬಂತೇನೋ ಅಂತಿದ್ರು." ಇಷ್ಟು ಹೇಳಿ, ಎಲ್ಲಿ ಸಹಿ ಮಾಡಲಿ ಎಂದು ಕೇಳಿದಳು. ಅವನು ಬೆರಳಿಟ್ಟು ತೋರಿಸಿದ. ಕೆಲಸದಲ್ಲಿದ್ದಾಗಲೇ ತೀರಿಕೊಂಡವರ ಮನೆಯಲ್ಲಿ ಒಬ್ಬರಿಗೆ ಕಾರ್ಖಾನೆಯಲ್ಲಿ ಕೆಲಸ ಕೊಡುವ ನಿಯಮವಿತ್ತು. ಹುಟ್ಟಿದ ಇಸವಿ ಐವತ್ತನಾಲ್ಕು, ಅದಕ್ಕೆ ನಿವೃತ್ತಿಯ ವಯಸ್ಸು ಐವತ್ತೆಂಟು ಕೂಡಿಸು: ಇನ್ನೂ ಒಂದು ವರ್ಷ ಬಾಕಿಯಿದ್ದ ಹಾಗೇ ಅವನು ಸತ್ತಿದ್ದ. ಅವಳು ಸಹಿ ಮಾಡುವಷ್ಟರಲ್ಲಿ ಚೊಕ್ಕಣ್ಣ ಈ ಲೆಕ್ಕವನ್ನು ಮನಸ್ಸಿನಲ್ಲೇ ಮುಗಿಸಿದ್ದ. ಲೆಕ್ಕದಲ್ಲಿ ಅವನು ಯಾವತ್ತೂ ನಿಧಾನ ಅಲ್ಲ. ಅವಳು ಹೋಗುವಾಗ, "ನಿಮಗೆ ತೊಂದ್ರೆ ಕೊಟ್ಟೆ" ಅಂದಳು.

"ಸರ್, ಚಹಾ ಕುಡೀಲಿಲ್ವಾ" ಎಂದು ಹುಡುಗಿ ಬಾಗಿಲಲ್ಲಿ ಕೇಳಿದಾಗ ಅವನು ಬೆಚ್ಚಿಬಿದ್ದ. ಕುರ್ಚಿ ಬಲಕ್ಕೆ ವಾಲಿತು. ಒಬ್ಬೊಬ್ಬರೇ ಒಳಗೆ ಬಂದರು. ಮಿಕ್ಕ ಹತ್ತು ಸಾಲುಗಳನ್ನು ಅವನು ಮಧ್ಯಾಹ್ನದವರೆಗೆ ಕೂತು ಸರಿಮಾಡಿದ. ನಿನ್ನೆ ಮೊನ್ನೆ ಅರ್ಥವಾಗದ್ದೆಲ್ಲ ಇವತ್ತು ಸಲೀಸಾಗಿ ಬರುತ್ತಿತ್ತು, ಅದೇ ಅವನಿಗೆ ಅಸಹ್ಯವಾಯಿತು. ಊಟದ ನಂತರ ಪರೀಕ್ಷೆ. ಸರದಿ ಬಂದವರು ಮುಂದಿನ ಮೇಜಿಗೆ ಹೋಗಿ ತಮ್ಮ ಪಟ್ಟಿಯನ್ನು ತೆಗೆಯಬೇಕು, ಅದು ಗೋಡೆಯ ದೊಡ್ಡ ತೆರೆಯ ಮೇಲೆ ಎಲ್ಲರಿಗೂ ಕಾಣುತ್ತದೆ. ಗೋದಾಮಿನವನು ಮೂರು ತಪ್ಪು ಉಳಿಸಿಕೊಂಡು, ಅದಕ್ಕೆಲ್ಲ ಮೌಸ್ ಎಂಬ ಇಲಿಯ ಮೇಲೆ ದೂರು ಹೇಳಿ, ಹೇಗೋ ಪಾಸಾದ. ಆಮೇಲೆ ಚೊಕ್ಕಣ್ಣನ ಸರದಿ.

ಜೋಡಿಸಿದ ಪಟ್ಟಿ ಖಾಲಿ ಬಂತು. ತಾಳೆಯಾಗದ ಸಾಲು ಒಂದೂ ಇಲ್ಲ. ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. "ಚೊಕ್ಕಣ್ಣ ಅಂದ್ರೆ ಸುಮ್ನೇನಾ" ಎಂದ ಗೋದಾಮಿನವನು, ಈ ಸಲ ಕೀಟಲೆ ಇಲ್ಲದೆ. ಹುಡುಗಿಯ ಕೈಯಲ್ಲಿ ಬೆಳಿಗ್ಗೆಯೇ ಮುದ್ರಿಸಿಟ್ಟುಕೊಂಡ ಹನ್ನೊಂದು ಸಾಲುಗಳ ಹಾಳೆಯಿತ್ತು. ಅವಳು ಒಂದೊಂದನ್ನೇ ಕೇಳುತ್ತಾ ಬಂದಳು, ಅವನು ಹೇಳುತ್ತಾ ಹೋದ. ಏಳನೆಯದಕ್ಕೆ ಬಂದಳು. "ಇದರಲ್ಲಿ ದವಾಖಾನೆದ್ದು ಇಟ್ಟಿದ್ದೀರಿ. ಅದೇ ಸರಿ ಅಂತ ಹೇಗೆ ಗೊತ್ತಾಯ್ತು ಸರ್?"

ಕೋಣೆಯಲ್ಲಿ ಎಲ್ಲರೂ ಕಾಯುತ್ತಿದ್ದರು. ಹಾಗೆ ಕಾಯುವುದರಲ್ಲಿ ಯಾವ ಅನುಮಾನವೂ ಇರಲಿಲ್ಲ, ಬೇಗ ಮುಗಿಸಲಿ ಎಂಬ ಆಯಾಸವಷ್ಟೇ. ಗೋದಾಮಿನವನೇ ಅವನ ಸಹಾಯಕ್ಕೆ ಬಂದ. "ಅಲ್ಲ ಮೇಡಂ, ಕಾಣಲ್ವಾ, ಐವತ್ತನಾಲ್ಕು ನಲವತ್ತೈದು. ಒಂಬತ್ತರ ವ್ಯತ್ಯಾಸ. ಯಾವನೋ ಪುಣ್ಯಾತ್ಮ ಅದಲುಬದಲು ಮಾಡಿದಾನೆ." ಎಲ್ಲರೂ ನಕ್ಕರು. ಹುಡುಗಿಯೂ ಈ ಸಲ ನಕ್ಕಳು, ತಾನು ಬೆಳಿಗ್ಗೆ ಕಲಿತದ್ದು ಮಧ್ಯಾಹ್ನಕ್ಕೇ ಎದುರಿಗೆ ಬಂದ ಖುಷಿಯಲ್ಲಿ. "ಸರಿ ಸರ್" ಎಂದು ಹಾಳೆಯ ಮೇಲೆ ಏಳನೆಯ ಸಾಲಿಗೆ ಟಿಕ್ಕು ಹಾಕಿದಳು. ಅವಳ ಕೈಯಲ್ಲಿದ್ದದ್ದು ಹಸಿರು ಪೆನ್ನು. ಹಾಗೆ ಹನ್ನೊಂದನ್ನೂ ಮುಗಿಸಿ, "ನೀವು ಪಾಸು ಸರ್, ಎಲ್ಲಾ ಸರಿ ಇದೆ, ಕೂತ್ಕೊಳ್ಳಿ" ಅಂದಳು. ಅವನು ಕೂರಲಿಲ್ಲ. ಪುಸ್ತಕ ರದ್ದಿಗೆ ಹೋಗಿ, ಆ ಹಾಳೆಯೊಂದು ಬುಟ್ಟಿಗೆ ಬಿದ್ದರೆ ಈ ಲೋಕದಲ್ಲಿ ನಲವತ್ತೈದು ಎಂಬುದು ಎಲ್ಲಿಯೂ ಉಳಿಯುವುದಿಲ್ಲ. ಬಾಯ್ಲರಿನವನ ಒಂಬತ್ತು ವರ್ಷ ಹೋದದ್ದೂ ನಡೆದೇ ಇಲ್ಲವೆಂದಾಗುತ್ತದೆ. ಅವನವ್ವ ಸರಿಯಾಗಿ ಎಣಿಸಿದ್ದಳೆಂದು ಹೇಳುವವರೂ ಇರುವುದಿಲ್ಲ.

"ಮೇಡಂ, ಕೊನೇಲಿ ಷರಾ ಅಂತ ಒಂದು ಕಾಲಮ್ಮು ಇದೆಯಲ್ಲ" ಅಂದ. ಇದೆ, ಅದು ತುಂಬಲೇಬೇಕು ಅಂತೇನಿಲ್ಲ, ಯಾರೂ ತುಂಬುವುದಿಲ್ಲ ಎಂದಳು ಅವಳು. "ನಾನು ತುಂಬ್ತೀನಿ." ಮುಂದಿನ ಮೇಜಿನ ಕುರ್ಚಿ ಎಳೆದುಕೊಂಡು ಕೂತ. ಒಂದೇ ಬೆರಳಿನಲ್ಲಿ ಬರೆಯತೊಡಗಿದ. ಅವನ ಎದುರಿನ ಗೋಡೆಯ ಮೇಲೆ ಅಕ್ಷರಗಳು ಒಂದೊಂದಾಗಿ, ಒಂದು ಗೇಣಿನಷ್ಟು ದೊಡ್ಡದಾಗಿ ಮೂಡುತ್ತಾ ಹೋದವು. ಹಿಂದೆ ಇಲ್ಲಿ ನಲವತ್ತೈದು ಎಂದಿತ್ತು. ಹಳೆಯ ಪುಸ್ತಕದಿಂದ ನಕ, ಎನ್ನುವಲ್ಲಿಗೆ, ನಕಲು ಎಂಬ ಮಾತು ಮುಗಿಯುವ ಮೊದಲೇ, ಯಂತ್ರ ನಿಂತಿತು. ಅವನು ಮತ್ತೆ ಮತ್ತೆ ಒತ್ತಿದ. ಮುಂದಕ್ಕೆ ಹೋಗಲಿಲ್ಲ. "ಷರಾದಲ್ಲಿ ಅಷ್ಟೇ ಜಾಗ ಸರ್" ಎಂದು ಹುಡುಗಿ ಪಿಸುಗುಟ್ಟಿದಳು. "ಉದ್ದ ಬರೆಯೋಕಾಗಲ್ಲ."

ಬರೆದದ್ದನ್ನೆಲ್ಲ ಅವನು ಒಂದೊಂದಾಗಿ ಅಳಿಸಿದ. ನಕಲಿನ ಕೆಲಸ, ಜೊತೆಗಾರನ ಜ್ವರ, ಸಾಹೇಬರು ಬರುವ ಅವಸರ, ಇವಕ್ಕೆಲ್ಲ ಅಲ್ಲಿ ಜಾಗವಿರಲಿಲ್ಲ. ಆಮೇಲೆ ಬರೆದ: ಹಿಂದೆ ನಲವತ್ತೈದು. ಗೊತ್ತಿತ್ತು. ತಪ್ಪು ನನ್ನದು. ಕೊನೆಗೆ ಒಂದು ಚುಕ್ಕೆ, ಅದರ ಮುಂದೆ ತನ್ನ ಚಿಕ್ಕ ರುಜುವಿನ ಎರಡಕ್ಷರ. ಅದು ಸರಿಯಾಗಿ ಹಿಡಿಯಿತು.

ಗೋಡೆಯ ಮೇಲಿನದನ್ನು ಎಲ್ಲರೂ ಓದುತ್ತಿದ್ದಾರೆಂದು ಅವನ ಬೆನ್ನಿಗೇ ಗೊತ್ತಾಗುತ್ತಿತ್ತು. ಲೆಕ್ಕದವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ; ಪಕ್ಕದ ಕಾಲಮ್ಮುಗಳೂ ಅಲ್ಲೇ ಇದ್ದವು, ಸೇರಿದ ವರ್ಷ, ನಿವೃತ್ತಿ, ಸತ್ತ ದಿನ. ಹುಡುಗಿ ಬಗ್ಗಿ, ಅವನಿಗಷ್ಟೇ ಕೇಳುವ ಹಾಗೆ, "ಸರ್, ಇದು ಸಂಜೆ ಮೇಲಿನ ಕಚೇರಿಗೆ ಹೋಗುತ್ತೆ. ಷರಾ ಸಮೇತ ಹೋಗುತ್ತೆ. ಬೇಡ ಅಂದ್ರೆ ಈಗ್ಲೇ ತೆಗೆದುಬಿಡಬಹುದು, ಸೇವ್ ಮಾಡಿಲ್ಲ ಇನ್ನೂ" ಅಂದಳು. ಅವಳ ದನಿಯಲ್ಲಿ ನಿನ್ನೆಯ ಅದೇ ಸಮಾಧಾನವಿತ್ತು. ಇವತ್ತು ಅದು ಚುಚ್ಚಲಿಲ್ಲ. "ಹೋಗ್ಲಮ್ಮ" ಅಂದ, ಮೂರು ದಿನದಲ್ಲಿ ಮೊದಲ ಸಲ ಅವಳನ್ನು ಮೇಡಂ ಎನ್ನದೆ. ಎಂಟರ್ ಒತ್ತಿದ. ಒಂದು ಸಾಲು ಬದಲಾಗಿದೆ ಎಂದಿತು ಯಂತ್ರ, ಬೆಳಿಗ್ಗೆ ಹೇಳಿದ ಹಾಗೆಯೇ.

ಅವನಿಗೆ ಹಗುರೇನೂ ಆಗಲಿಲ್ಲ. ಬೆಳಿಗ್ಗೆ ಸುಮ್ಮಸುಮ್ಮನೆ ಹಗುರಾಗಿತ್ತು, ಈಗ ಕಾಲು ಎತ್ತಿಡುವುದೂ ಭಾರ. ನಾಳೆ ಕರೆಸುತ್ತಾರೆ, ಮಿಕ್ಕ ಇಪ್ಪತ್ತೊಂಬತ್ತನ್ನೂ ಕೆದಕುತ್ತಾರೆ, ಟಪಾಲು ಕೋಣೆಯೇ ಪುಣ್ಯ ಎನ್ನಿಸಬಹುದು. ಹೆಂಡತಿಗೆ ಇವತ್ತು ಸಂಜೆ ಹೇಳಬೇಕು, ಅದು ಎಲ್ಲಕ್ಕಿಂತ ಕಷ್ಟ. ಅಷ್ಟಾಗಿಯೂ ಬಾಯ್ಲರಿನವನಿಗೆ ಇದರಿಂದ ಬಂದದ್ದೇನೂ ಇಲ್ಲ. ಅವನು ತನ್ನವ್ವನ ಎಣಿಕೆ ತಪ್ಪೆಂದು ನಂಬಿಕೊಂಡೇ ಹೋದ. "ಇದೊಂದು ಸಾಲನ್ನ ಕಾಗದದ ಮೇಲೆ ತೆಗೆದುಕೊಡೋಕಾಗುತ್ತಾ?" ಎಂದು ಹುಡುಗಿಯನ್ನು ಕೇಳಿದ. ಅವಳು ಮುದ್ರಣಕ್ಕೆ ಕೊಟ್ಟಳು. ಮೂಲೆಯ ಯಂತ್ರ ಕಿರುಗುಟ್ಟಿ ಒಂದು ಹಾಳೆ ಉಗುಳಿತು, ನಡುವೆ ಒಂದೇ ಸಾಲು, ಮೇಲೂ ಕೆಳಗೂ ಬಿಳಿ. ಅವನು ಜೇಬಿನಿಂದ ಕೆಂಪು ಪೆನ್ನು ತೆಗೆದು, ಕ್ಯಾಪು ಬಿಚ್ಚಲು ಎರಡು ಸಲ ಎಳೆಯಬೇಕಾಯಿತು, ಷರಾದ ಪಕ್ಕ ರುಜು ಹಾಕಿದ. ಗೋದಾಮಿನವನು ಹತ್ತಿರ ಬಂದು ಅವನ ಡಬ್ಬಿಯ ಚೀಲವನ್ನು ಕೈಗೆ ಕೊಟ್ಟ. ಮುಖ ನೋಡಲಿಲ್ಲ, "ಮೆಟ್ಟಿಲು ನೋಡ್ಕೊಂಡು ಇಳಿ" ಎಂದಷ್ಟೇ ಅಂದ.

ಕೆಳಗೆ ಬಸ್ಸು ನಿಲ್ದಾಣದಲ್ಲಿ ಇನ್ನೂ ಬಿಸಿಲಿತ್ತು. ಮನೆಯ ಕಡೆಗೆ ಹೋಗುವ ಬಸ್ಸು ಬಂದು ನಿಂತಿತು, ಹತ್ತದೆ ಬಿಟ್ಟ. ಚೀಲದಿಂದ ಹಾಳೆ ತೆಗೆದು, ಮಡಿಕೆ ಬಿಡಿಸಿ, ಕಣ್ಣಿಗೆ ಹತ್ತಿರ ಹಿಡಿದ. ಷರಾಕ್ಕಿಂತ ಮುಂಚಿನ ಕಾಲಮ್ಮಿನಲ್ಲಿ ಬಾಯ್ಲರಿನವನ ಮನೆಯ ವಿಳಾಸ: ಮನೆಯ ನಂಬರು, ಅಡ್ಡರಸ್ತೆ, ನೀರಿನ ಟ್ಯಾಂಕಿನ ಹಿಂಭಾಗ. ಇಪ್ಪತ್ತನಾಲ್ಕು ವರ್ಷದ ಹಿಂದೆ ಆ ಮಧ್ಯಾಹ್ನ ತಾನೇ ಬರೆದು, ತಾನೇ ಎರಡು ಟಿಕ್ಕು ಹಾಕಿದ ಸಾಲಿನದು. ಬಾಯ್ಲರಿನವನ ಹೆಂಡತಿ ಮೂರು ವರ್ಷದ ಹಿಂದೆ ಅರ್ಜಿಯಲ್ಲಿ ಬರೆಸಿದ್ದೂ ಇದೇ ಮನೆ. ವಿಳಾಸದಲ್ಲಿ ಮಾತ್ರ ಯಾವ ತಪ್ಪೂ ಇರಲಿಲ್ಲ.